ಜೊತೆಯಲ್ಲೇ ನೋಡೋಣವೆಂದಿದ್ದ ಕಲ್ಲುಗಳು

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತ ಅರ್ಧ ಆಯುಷ್ಯ ಕಳೆದವಳು. ಕೈಯೂ ಜೋರು, ಬಾಯಿ ಇನ್ನೂ ಜೋರು. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಮಾತಿಗೆ ತಂಗಿಯೊಡನೆ ಠೂ ಬಿಟ್ಟವಳು ಮತ್ತೆ ಅವಳ ಮುಖ ನೋಡಿದ್ದು ಆಸ್ಪತ್ರೆಯಲ್ಲಿ, ತಂಗಿಯ ಮಾತು ನಿಂತುಹೋದ ಮೇಲೆ. ಕಾಯಿಲೆಯ ಸುದ್ದಿ ತನಗೆ ಯಾರೂ ಹೇಳಲಿಲ್ಲವೆಂದು ಎದೆ ಬಡಿದುಕೊಂಡು ಅತ್ತಾಗ ಹೆಗಲು ಕೊಟ್ಟವಳು ಬಾಲ್ಯದ ಗೆಳತಿ, ಅದೇ ಆಸ್ಪತ್ರೆಯ ನರ್ಸ್.

ತಂಗಿ ತೀರಿಹೋಗಿ ವರ್ಷ ಕಳೆದ ಮೇಲೆ ನರ್ಸ್ ಕಾರು ತಂದು ನಿಲ್ಲಿಸಿದಳು. "ಏಳೇ, ಎಷ್ಟು ದಿನ ಗೂಬೆ ಥರ ಕೂತಿರ್ತೀಯ? ಸ್ಕೂಲಲ್ಲಿದ್ದಾಗ ಪುಸ್ತಕದಲ್ಲಿ ನೋಡಿದ್ವಲ್ಲ, ಆ ಕಲ್ಲು! ಹೋದ್ರೆ ಇಬ್ರೂ ಒಟ್ಟಿಗೇ ಅಂದಿದ್ವಲ್ಲ, ಬಾ."

ದಾರಿಯುದ್ದಕ್ಕೂ ಹರಟಿದ್ದೇ ಹರಟಿದ್ದು. ಟೈಲರಕ್ಕ ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಿರುವು ದಾಟಿದ್ದೇ ಸಮುದ್ರ. ಅದರ ಅಂಚಿನಲ್ಲಿ ಪೆನ್ಸಿಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಆರು ಮೂಲೆಯ ಕಪ್ಪು ಕಲ್ಲುಕಂಬಗಳು.

"ಆ ಕಡೆ ಹೋಗ್ಬೇಡ, ಪಾಚಿ ಇದೆ. ಹಿಂದ್ಗಡೆ ಮೆಟ್ಟಿಲ ಥರ ಇದೆ, ಕೂತ್ಕೊಳ್ಳೋಕೂ ಆಗುತ್ತೆ," ಎಂದಳು ನರ್ಸ್.

ಟೈಲರಕ್ಕ ನಿಂತಳು. "ಮೊದಲ್ನೇ ಸಲ ಬಂದೋಳಿಗೆ ಇದೆಲ್ಲ ಹೇಗೇ ಗೊತ್ತು?"

ನರ್ಸ್ ತಡವರಿಸಿದಳು. "ನಿನ್ನ ತಂಗಿ ಜೊತೆ ಬಂದಿದ್ದೆ. ಹುಷಾರು ತಪ್ಪಿದ್ಮೇಲೆ, ನೋಡ್ಲೇಬೇಕು ಅಂತ ಹಟ ಹಿಡಿದ್ಲು. ಅಕ್ಕಂಗೆ ಏನೂ ಹೇಳ್ಬೇಡ ಅಂತ ಆಣೆ ಮಾಡಿಸ್ಕೊಂಡ್ಲು ಕಣೇ."

"ಆವಾಗ ಅವಳು ಮಾತಾಡ್ತಿದ್ಲು!" ಟೈಲರಕ್ಕ ಕಿರುಚಿದಳು. "ದಿನಾ ನನ್ನಂಗಡೀಲಿ ಕೂತು ಟೀ ಕುಡೀತಿದ್ಯಲ್ಲೇ, ಒಂದು ಮಾತು ಬಾಯಿಗೆ ಬರ್ಲಿಲ್ವಾ?"

ನರ್ಸ್ ತೋಳು ಹಿಡಿಯಲು ಬಂದಳು, ಟೈಲರಕ್ಕ ಕೊಡವಿಕೊಂಡಳು. ತನ್ನ ತಲೆ ಸವರಿ ಸಮಾಧಾನ ಹೇಳುವಾಗಲೂ ಇವಳ ಹೊಟ್ಟೆಯಲ್ಲಿ ಇದೆಲ್ಲ ಇತ್ತಲ್ಲ ಎಂದು ನೆನೆದು ಮೈ ಉರಿಯಿತು.

ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತವಳು, ಕೇಳಬಾರದೆಂದುಕೊಂಡರೂ ಕೇಳಿದಳು: "ಇದನ್ನ ನೋಡಿ ಏನಂದ್ಲು?"

"ಅಕ್ಕ ಬಂದಿದ್ರೆ ಟೇಪ್ ಹಿಡಿದು ಅಳೆಯೋಕೆ ಶುರು ಮಾಡ್ತಿದ್ಲು ಅಂತ ನಕ್ಲು."

ವಾಪಸು ಅವಳು ಕಾರು ಹತ್ತಲಿಲ್ಲ. ದೊಡ್ಡ ರಸ್ತೆಯವರೆಗೂ ನಡೆದು ಬಸ್ಸು ಹಿಡಿದಳು.

ಆಮೇಲೆ ನರ್ಸ್ ಒಂದೆರಡು ಸಲ ಬಾಗಿಲಿಗೆ ಬಂದಳು. ಟೈಲರಕ್ಕ ತಲೆ ಎತ್ತದೆ, "ಕೆಲಸ ಇದೆ," ಅಂದಳು. ನರ್ಸ್ ಬರುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದಕ್ಕೂ ಟೈಲರಕ್ಕನಿಗೆ ಸಿಟ್ಟೇ ಬಂತು.