ಸುಳ್ಳು ಹೇಳಿದ ಮುಳ್ಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಒಂದು ಸಮೀಕ್ಷಾ ಸಂಸ್ಥೆಯಲ್ಲಿ ಉಪಕರಣಗಳ ಇಂಜಿನಿಯರ್ ಆಗಿದ್ದೆ. ಸಂಸ್ಥೆಗೆ ಎರಡು ಇಂಜಿನ್ನಿನ ಒಂದು ಸಣ್ಣ ವಿಮಾನವಿತ್ತು. ಹೊಟ್ಟೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಅದು ಬಾದಾಮಿಯ ಗುಡ್ಡಗಳಿಂದ ಹಿಡಿದು ಹುನಗುಂದ, ಇಳಕಲ್ಲಿನ ಕಲ್ಲು ನೆಲದವರೆಗೂ ನೇರ ಗೆರೆಗಳಲ್ಲಿ ಹಾರಿ ನಕ್ಷೆಗಾಗಿ ಚಿತ್ರ ತೆಗೆಯಬೇಕಿತ್ತು. ಆ ಹಂಗಾಮಿನಲ್ಲಿ ಹುಬ್ಬಳ್ಳಿಯಲ್ಲಿ ಬೀಡು ಬಿಟ್ಟಿದ್ದೆವು. ಚಿತ್ರ ತೆಗೆಯುವುದು ನನ್ನ ಕೆಲಸವಲ್ಲ. ವಿಮಾನದ ವೇಗ, ಎತ್ತರ, ಮೂತಿಯ ಓಲಾಟ ತೋರಿಸುವ ಮಾಪಕಗಳು ಖರೆ ಹೇಳುತ್ತಿವೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಅದರ ಜೊತೆಗೆ, ನಾನೇ ಕಟ್ಟಿದ ಒಂದು ಪೆಟ್ಟಿಗೆಯನ್ನೂ ಪರೀಕ್ಷೆಗೆ ಕೂರಿಸಿದ್ದೆ. ಪೈಲಟ್ ಮುಂದಿನ ವೇಗಮಾಪಕಕ್ಕೂ ನಾನು ಕೂರುತ್ತಿದ್ದ ಬಲಗಡೆಯ ಕುರ್ಚಿಯ ಮುಂದಿನ ವೇಗಮಾಪಕಕ್ಕೂ ಹೊಂದಾಣಿಕೆ ತಪ್ಪಿದರೆ ಅದರ ಕೆಂಪು ದೀಪ ಹತ್ತುತ್ತಿತ್ತು. ಎರಡರಲ್ಲಿ ಯಾವುದು ತಪ್ಪು ಎಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಪೈಲಟ್ ಇಳಕಲ್ಲಿನವರು. ಸೈನ್ಯದಲ್ಲಿ ವಿಮಾನ ಹಾರಿಸಿ ನಿವೃತ್ತರಾದವರು, ವಯಸ್ಸು ಐವತ್ತು ದಾಟಿತ್ತು. ನನ್ನ ಊರು ಬಾಗಲಕೋಟೆ ಎಂದು ಗೊತ್ತಾದ ದಿನದಿಂದ ಅವರು ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಬೇರೆಯವರ ಎದುರಿಗೆ ಇಂಗ್ಲಿಷು, ನನ್ನ ಕೂಡ ನಮ್ಮ ಮಾತು.

ಅವ್ವ ಬಾಗಲಕೋಟೆಯಲ್ಲಿ ಸಾಲಿ ಟೀಚರ್. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವಳು ಅವಳೇ. ನಾನು ಕಾರ್ಖಾನೆಯಲ್ಲಿ ಕೂತು ಉಪಕರಣ ರಿಪೇರಿ ಮಾಡುವುದಾದರೆ ಅವಳಿಗೆ ಹೆಮ್ಮೆ. ಅದೇ ಉಪಕರಣದ ಜೊತೆ ಮೇಲೆ ಹೋಗುತ್ತೇನೆಂದರೆ ಮಾತೇ ನಿಂತುಬಿಡುತ್ತಿತ್ತು. ಮಗಳ ಮದುವೆ ಯಾವಾಗ ಎಂದು ಕೇಳುವ ಬೀಗರಿಗಿಂತ, ಮಗಳು ವಿಮಾನದೊಳಗೆ ಏನು ಮಾಡುತ್ತಾಳೆ ಎಂದು ಕೇಳುವವರಿಗೆ ಉತ್ತರ ಕೊಡುವುದೇ ಅವಳಿಗೆ ಕಷ್ಟವಾಗಿತ್ತು.

ಹಿಂಗಾರಿ ಮಳೆ ಒಂದು ವಾರ ಬಿಡದೆ ಸುರಿದು ನಿಂತಿತ್ತು. ಅಷ್ಟು ದಿನವೂ ವಿಮಾನ ಬಯಲಿನಲ್ಲೇ ನಿಂತಿತ್ತು. ಆಕಾಶ ತಿಳಿಯಾದ ಬೆಳಗ್ಗೆ, ಚಿತ್ರದ ಕೆಲಸಕ್ಕೆ ಮೊದಲು ಒಂದು ಸುತ್ತು ಹೋಗಿ ಎಲ್ಲ ಸರಿಯಿದೆಯೇ ನೋಡಿಬರೋಣ ಎಂದು ನಾವಿಬ್ಬರೇ ಹೊರಟೆವು. ನೆಲದ ಮೇಲೆ ನಾನು ನೋಡಬೇಕಾದ್ದನ್ನೆಲ್ಲ ನೋಡಿದ್ದೆ. ರನ್‌ವೇ ಮೇಲೆ ಓಡುವಾಗ ಎರಡೂ ವೇಗಮಾಪಕಗಳ ಮುಳ್ಳುಗಳು ಒಟ್ಟಿಗೇ ಮೇಲೆದ್ದವು. ನೆಲ ಬಿಟ್ಟೆವು. ನವಲಗುಂದದ ಎರೆ ಹೊಲಗಳು ನೀರು ಕುಡಿದು ಕಪ್ಪಗೆ ಹೊಳೆಯುತ್ತಿದ್ದವು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಹೊಳೆ ದಾಟಿ ಬಾದಾಮಿಯ ಗುಡ್ಡಗಳ ಮೇಲೆ ಏರುವುದಕ್ಕೆ ಶುರು ಮಾಡಿದಾಗ ಪೆಟ್ಟಿಗೆಯ ದೀಪ ಮಿಣುಕಿತು. ಆರಿತು. ಮತ್ತೆ ಹತ್ತಿ ಹಾಗೇ ನಿಂತಿತು. ಮಳೆಯ ತಂಪಿಗೆ ತಂತಿ ಎಲ್ಲೋ ಸಡಿಲಾಗಿರಬೇಕು ಎಂದುಕೊಂಡು ಪೆಟ್ಟಿಗೆಯ ಹಿಂದೆ ಕೈ ಹಾಕಿ ತಡವಿದೆ. ಅಷ್ಟರಲ್ಲಿ ಪೈಲಟ್ ತಮ್ಮಷ್ಟಕ್ಕೆ ತಾವೇ ಗೊಣಗಿದ್ದು ಕೇಳಿಸಿತು. ವೇಗ ಏರುತ್ತಲೇ ಇದೆ, ಮೂತಿ ತಾನಾಗಿ ಕೆಳಗೆ ಬಾಗುತ್ತಿರಬೇಕು, ಬಾಲದ ಮೋಟರ್ ಕೆಟ್ಟಿದೆ ಎಂದು ಅವರ ಅನುಮಾನ. ಬಾಲದ ಅಂಚಿನಲ್ಲಿರುವ ಸಣ್ಣ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ಮೂತಿಯನ್ನು ಹದದಲ್ಲಿಡುವ ಮೋಟರ್ ಅದು. ಅದು ತನ್ನಿಷ್ಟದಂತೆ ಓಡಿ ವಿಮಾನಗಳನ್ನು ನೆಲಕ್ಕೆ ಕೆಡವಿದ ಕಥೆಗಳನ್ನು ಅವರೇ ನನಗೆ ಹೇಳಿದ್ದರು. ವೇಗ ತಗ್ಗಲೆಂದು ಅವರು ಮೂತಿಯನ್ನು ಇನ್ನಷ್ಟು ಎತ್ತಿದರು. ಅವರ ಮುಂದಿನ ಮುಳ್ಳು ತಗ್ಗಲಿಲ್ಲ, ಇನ್ನೂ ಏರಿತು. ಅವರು ಇನ್ನೂ ಎತ್ತಿದರು.

ನಾನು ತಲೆಯೆತ್ತಿ ನನ್ನ ಕಡೆಯ ಮಾಪಕ ನೋಡಿದೆ. ಅದರ ಮುಳ್ಳು ಕೆಳಗಿಳಿಯುತ್ತಿತ್ತು.

ಅದನ್ನು ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಹಾರ್ನ್ ಕೂಗಿತು. ರೆಕ್ಕೆಯ ಅಂಚಿನ ಒಂದು ಪುಟ್ಟ ತಗಡು ಗಾಳಿಯ ಹೊಡೆತಕ್ಕೆ ಮೇಲೆದ್ದರೆ ಕೂಗುವ ಹಾರ್ನ್ ಅದು; ವಿಮಾನ ತನ್ನ ಭಾರ ಹೊರಲಾರದಷ್ಟು ನಿಧಾನವಾಗಿದೆ ಎಂದು ಅದರ ಅರ್ಥ. ಅತಿ ವೇಗ ಎಂದು ಒಂದು ಮುಳ್ಳು, ವೇಗವೇ ಇಲ್ಲ ಎಂದು ಹಾರ್ನ್. ಕೂತ ಕುರ್ಚಿ ಗಡಗಡ ನಡುಗಿತು. ಕಿಟಕಿಯಲ್ಲಿ ಗುಡ್ಡಗಳಿರಬೇಕಾದ ಕಡೆ ಬರೀ ಆಕಾಶ ಕಾಣುತ್ತಿತ್ತು. "ಸರ, ನನ್ನ ಮುಳ್ಳು ನೋಡ್ರಿ," ಎಂದೆ.

ಅವರು ನೋಡಿದರೋ ಇಲ್ಲವೋ ತಿಳಿಯದು. ಎಡರೆಕ್ಕೆ ಕುಸಿಯಿತು. ಆಕಾಶ ಹೋಗಿ ಕಿಟಕಿಯ ತುಂಬ ಕೆಂಪು ಬಂಡೆ ಬಂತು. ಅವರು ಮೂತಿ ಏರಿಸಿ ಇಳಿಸುವ ಸ್ಟಿಕ್ ಮುಂದೆ ತಳ್ಳಿ, ಇಂಜಿನ್ ಪೂರ್ತಿ ಕೊಟ್ಟು, ರೆಕ್ಕೆ ನೆಟ್ಟಗೆ ಮಾಡಿದ್ದನ್ನು ನಾನು ನೋಡಿರಲೇಬೇಕು. ನೆನಪಿರುವುದು ಮಾತ್ರ ನನ್ನ ಊಟದ ಡಬ್ಬಿ ಕಾಲಬುಡದಿಂದ ಉರುಳಿ ಹಿಂದಕ್ಕೆ ಹೋದ ಸಪ್ಪಳ. ಮತ್ತೆ ನೆಲ ಕೆಳಗೆ, ಆಕಾಶ ಮೇಲೆ ಬಂದಾಗ ಗುಡ್ಡದ ಮೇಲೆ ಮೇಯುತ್ತಿದ್ದ ಆಡುಗಳು ಒಂದೊಂದಾಗಿ ಕಾಣುವಷ್ಟು ಕೆಳಗಿಳಿದಿದ್ದೆವು.

ಪೈಲಟ್ ಅವರ ಕಿವಿಯ ಹಿಂದಿನಿಂದ ಬೆವರು ಇಳಿದು ಕಾಲರಿನೊಳಗೆ ಹೋಗುತ್ತಿತ್ತು.

"ತಂಗಿ, ಕೆಟ್ಟದ್ದು ಮೋಟರೋ ಮಾಪಕವೋ?" ಎಂದು ಕೇಳಿದರು. "ಅದನ್ನ ಮೊದ್ಲ ಹೇಳು."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಒಂದೊಂದನ್ನೇ ಬೇರೆ ಮಾಡಿ ನೋಡೋಣ ಎಂದೆ. ಆ ಮಾತನ್ನು ಕಾರ್ಖಾನೆಯ ಮೇಜಿನ ಮುಂದೆ ಕೂತು ಎಷ್ಟು ಸಲ ಆಡಿದ್ದೆನೋ. ಅಲ್ಲಿ ತಪ್ಪಿದರೆ ಒಂದು ಫ್ಯೂಸ್ ಹೋಗುತ್ತಿತ್ತು.

ಮೊದಲು ಮೋಟರಿನ ವಿದ್ಯುತ್ತು ತೆಗೆಸಿದೆ. ಮೋಟರಿಗೆ ಬದಲಾಗಿ ಕೈಯಿಂದ ತಿರುಗಿಸುವ ಗಾಲಿಯೊಂದಿತ್ತು. ಅದನ್ನು ಅವರು ಒಂದು ಕೂದಲೆಳೆಯಷ್ಟು ಹಿಂದೆ ತಿರುಗಿಸಿದರು. ಮೂತಿ ಮೆಲ್ಲಗೆ ಎದ್ದಿತು. ಮುಂದೆ ತಿರುಗಿಸಿದರು, ಬಾಗಿತು. ಮತ್ತೆ ವಿದ್ಯುತ್ತು ಕೊಟ್ಟು ಗುಂಡಿ ಒತ್ತಿದಾಗ ಮೋಟರ್ ಹೇಳಿದಷ್ಟೇ ಓಡಿ ನಿಂತಿತು. ಬಾಲ ನಮ್ಮ ಮಾತು ಕೇಳುತ್ತಿದೆ ಎಂದು ಅಷ್ಟರಿಂದ ಖಾತ್ರಿಯಾಯಿತು. ಆಮೇಲೆ ಎತ್ತರ ಬದಲಾಯಿಸದೆ ಇಂಜಿನ್ನನ್ನು ಸ್ವಲ್ಪ ತಗ್ಗಿಸಲು ಹೇಳಿದೆ. ನನ್ನ ಕಡೆಯ ಮುಳ್ಳು ಇಳಿಯಿತು, ಹೆಚ್ಚಿಸಿದಾಗ ಏರಿತು. ಅವರ ಕಡೆಯದು ಎರಡಕ್ಕೂ ಅಲುಗಲಿಲ್ಲ. ಸತ್ತ ಮುಳ್ಳು. ವೇಗ ಅಳೆಯಲು ರೆಕ್ಕೆಯಿಂದ ಮಾಪಕಕ್ಕೆ ಗಾಳಿ ಬರುವ ಕೊಳವೆ ಎಲ್ಲೋ ಕಟ್ಟಿ, ಒಳಗೆ ಸಿಕ್ಕಿಕೊಂಡ ಗಾಳಿಯಿಂದಾಗಿ ಎತ್ತರ ಏರಿದ ಹಾಗೆ ಏರುತ್ತ, ಇಳಿದ ಹಾಗೆ ಇಳಿಯುತ್ತ ವೇಗದ ವೇಷ ಹಾಕಿತ್ತು.

ಪೈಲಟ್ ಉಸಿರು ಬಿಟ್ಟು, ಹಾಗಾದರೆ ನಿನ್ನ ಮುಳ್ಳನ್ನು ನಂಬಿ ಇಳಿಸುತ್ತೇನೆ ಎಂದರು. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗಲೇ. ವಿಮಾನ ಬೀಳುವಾಗ ಹೆದರುವುದಕ್ಕೆ ಸಮಯವೇ ಸಿಕ್ಕಿರಲಿಲ್ಲ. ಈಗ ಒಬ್ಬ ಮನುಷ್ಯ ನನ್ನ ಮಾತಿನ ಮೇಲೆ ಜೀವ ಇಡಲು ಹೊರಟಿದ್ದ. ಒಂದು ಮಾಪಕ ಸುಳ್ಳು ಎಂದು ಗೊತ್ತಾದರೆ ಇನ್ನೊಂದು ಖರೆ ಎಂದಾಯಿತೇ? ಅದೇ ಮಳೆಯಲ್ಲಿ, ಅದೇ ಬಯಲಿನಲ್ಲಿ ಎರಡೂ ಕೊಳವೆಗಳು ನೆನೆದಿದ್ದವು. ನನ್ನ ಮುಳ್ಳು ಅಲುಗುತ್ತಿತ್ತು, ಹೌದು. ಅಲುಗುವ ಮುಳ್ಳು ಎಂಟಿದ್ದಾಗ ಹತ್ತು ಹೇಳಬಾರದೆಂದೇನೂ ಇಲ್ಲ. ಇಳಿಯುವಾಗ ವೇಗ ಕಡಿಮೆಯಿದ್ದರೆ ನೆಲದ ಹತ್ತಿರ ಮತ್ತೆ ಆ ಕುಸಿತ. ಆಗ ಸಾವರಿಸಿಕೊಳ್ಳುವಷ್ಟು ಎತ್ತರ ಇರುವುದಿಲ್ಲ.

ಅವರಿಗೆ ಇದನ್ನೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅಂದಾಜಿನ ಮೇಲೂ ಇಳಿಸಬಲ್ಲೆ, ಆದರೆ ಇವತ್ತು ನನ್ನ ಅಂದಾಜೇ ಒಮ್ಮೆ ಕೈ ಕೊಟ್ಟಿದೆ ಎಂದರು. ಆಮೇಲೆ ಕಿಟಕಿಯಿಂದ ಕೆಳಗೆ ನೋಡುತ್ತ ಕೇಳಿದರು: "ನಕ್ಷಾದಾಗ ರೈಲ್ವೆ ಹಳಿ ಐತೇನು?"

ಇತ್ತು. ಬಾದಾಮಿಯಿಂದ ಬಾಗಲಕೋಟೆಗೆ ಹೋಗುವ ಹಳಿ, ಊರು ಸಮೀಪಿಸುವಲ್ಲಿ ಒಂದಷ್ಟು ದೂರ ನೆಟ್ಟಗೆ ಓಡುತ್ತಿತ್ತು. ಆ ಭಾಗದ ಎರಡು ತುದಿಗೂ ಗುರುತು ಮಾಡಿಕೊಂಡೆ, ಒಂದು ಕಡೆ ಲೆವೆಲ್ ಕ್ರಾಸಿಂಗ್ ಗೇಟು, ಇನ್ನೊಂದು ಕಡೆ ಹಳ್ಳದ ಸೇತುವೆ. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ದೂರ ತೆಗೆದೆ. ನನ್ನ ಮುಳ್ಳನ್ನು ಒಂದೇ ಅಂಕಿಯ ಮೇಲೆ ನಿಲ್ಲಿಸಿ ಹಳಿಗುಂಟ ಹೋಗುವುದು, ಹಾಗೇ ತಿರುಗಿ ಬರುವುದು. ಹೋಗುವಾಗ ಬೆನ್ನಿಗೆ ಬಿದ್ದ ಗಾಳಿ ಬರುವಾಗ ಎದೆಗೆ ಹೊಡೆಯುತ್ತದೆ. ಎರಡರ ಸರಾಸರಿಯಲ್ಲಿ ಗಾಳಿ ಕಳೆದುಹೋಗುತ್ತದೆ. ಉಳಿದದ್ದೇ ನಮ್ಮ ವೇಗ.

ಗೇಟು, ಸೇತುವೆ ದಾಟಿದಾಗಲೆಲ್ಲ ಅವರು ಹೂಂ ಎನ್ನುತ್ತಿದ್ದರು, ನಾನು ಕೈಗಡಿಯಾರ ನೋಡುತ್ತಿದ್ದೆ. ಮೊದಲ ಸಲ ಪೆನ್ಸಿಲಿನ ಮೊನೆ ಮುರಿಯಿತು, ಲೆಕ್ಕ ಹೋಯಿತು. ಮತ್ತೆ ಸುತ್ತು ಹಾಕಿದೆವು. ಎರಡನೆಯ ಲೆಕ್ಕದಲ್ಲಿ ಭಾಗಾಕಾರ ತಪ್ಪಿತು. ಬಂದ ಉತ್ತರದ ಪ್ರಕಾರ ನಾವು ಯಾವಾಗಲೋ ಬಿದ್ದುಹೋಗಿರಬೇಕಿತ್ತು. ಅವರು ತಾಳ್ಮೆಯಿಂದ ಮತ್ತೊಮ್ಮೆ ಮಾಡು ಎಂದರು. ಮಾಡಿದೆ. ಎತ್ತರಕ್ಕೂ ಬಿಸಿಲಿಗೂ ಗಾಳಿ ತೆಳುವಾಗುವುದರಿಂದ ಲೆಕ್ಕದಲ್ಲಿ ಕಳೆಯಬೇಕಾದ್ದನ್ನು ಕಳೆದೆ. ಕೊನೆಗೆ ನನ್ನ ಮುಳ್ಳು ಹೇಳುತ್ತಿದ್ದ ವೇಗಕ್ಕೂ ಹಳಿ ಹೇಳಿದ ವೇಗಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಖಾತ್ರಿಗೆಂದು ಇನ್ನೊಂದು ಸಲ ಹೋಗಿ ಬಂದೆವು. ಉತ್ತರ ಅದೇ.

ಹುಬ್ಬಳ್ಳಿಯವರೆಗೂ ನಾನು ಜೋರಾಗಿ ನನ್ನ ಮುಳ್ಳಿನ ಅಂಕಿ ಓದುತ್ತಾ ಬಂದೆ. ತಮ್ಮ ಮಾಪಕದ ಮೇಲೆ ಅವರು ಕರವಸ್ತ್ರ ಸಿಕ್ಕಿಸಿ ಮುಚ್ಚಿಬಿಟ್ಟಿದ್ದರು, ಕಣ್ಣು ಅಭ್ಯಾಸದಿಂದ ಅಲ್ಲಿಗೇ ಹೋಗುತ್ತದೆ ಎಂದು. ರನ್‌ವೇ ಎದುರಿಗೆ ಬಂದಾಗ ನನ್ನ ಕಣ್ಣು ಅತ್ತ ಹೋಗಿ ಓದು ತಪ್ಪಿತು. ಓದು, ನಿಲ್ಲಿಸಬೇಡ ಎಂದರು. ಗಾಲಿ ನೆಲ ಮುಟ್ಟಿದ ಮೇಲೂ ನಾನು ಓದುತ್ತಲೇ ಇದ್ದೆನಂತೆ.

ಇಳಿದು ನೋಡಿದರೆ ಕಾರಣ ಕಾಳಿನಷ್ಟಿತ್ತು. ಎಡರೆಕ್ಕೆಯ ಕೊಳವೆಗೆ ನೀರು ಸೋರಿಹೋಗಲೆಂದು ಕೆಳಗೆ ಒಂದು ಸೂಜಿ ತೂತು ಇರುತ್ತದೆ. ಕುಂಬಾರ ಹುಳ ಅದಕ್ಕೆ ಮಣ್ಣು ಮೆತ್ತಿತ್ತು. ವಿಮಾನ ನಿಂತಾಗ ಕೊಳವೆಯ ಬಾಯಿಗೆ ಹಾಕಿದ್ದ ಬಟ್ಟೆಯ ಚೀಲ ನೆನೆದು ಒಳಗಿಳಿದ ಮಳೆನೀರು ಹೊರಹೋಗದೆ ಕೊಳವೆಯ ಬಾಗಿನಲ್ಲಿ ನಿಂತಿತ್ತು. ವಿಮಾನ ಮೂತಿಯೆತ್ತಿದಾಗ ಸರಿದು ದಾರಿ ಕಟ್ಟಿತ್ತು. ಬಲಗಡೆಯ ತೂತಿನ ಅಂಚಿಗೂ ಅದೇ ಮಣ್ಣು ಹತ್ತಿತ್ತು. ಮುಚ್ಚಿರಲಿಲ್ಲ, ಅಷ್ಟೇ. ಅದನ್ನು ನೋಡಿದ ಮೇಲೆ ನಾನು ರೆಕ್ಕೆಯ ನೆರಳಿನಲ್ಲಿ ಕೂತುಬಿಟ್ಟೆ.

ಕೊಳವೆಗಳನ್ನು ಬಿಚ್ಚಿ ಒಣಗಿಸಲು ದಿನಗಳು ಬೇಕಿದ್ದವು. ಪೈಲಟ್ ಇಳಕಲ್ಲಿಗೆ ಹೋದರು, ನಾನು ಬಾಗಲಕೋಟೆಗೆ. ಮನೆಗೆ ಹೋದರೆ ಅವ್ವ ಎಂದೂ ಇಲ್ಲದ ಖುಷಿಯಲ್ಲಿದ್ದಳು. ಆವತ್ತು ಮಕ್ಕಳೆಲ್ಲ ಸಾಲಿಯಿಂದ ಹೊರಗೋಡಿ ಬಂದು ವಿಮಾನ ನೋಡಿದರಂತೆ. ಹಳಿಯ ಮೇಲೆ ಮತ್ತೆ ಮತ್ತೆ ಬಂದು ಹೋಯಿತಂತೆ. "ನನ್ನ ಮಗಳು ಅದರಾಗ ಅದಾಳ ಅಂತ ಹುಡುಗೂರಿಗೆ ಹೇಳಿದೆ," ಎಂದಳು. "ಎಲ್ಲಾರೂ ಕೈ ಬೀಸಿದ್ವಿ. ನಿನಗ ಕಾಣಿಸ್ತೇನು?"

ಕಾಣಿಸಿತು ಎಂದೆ. ಆವತ್ತು ನನ್ನ ಕಣ್ಣು ಕೈಗಡಿಯಾರ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ವಾರದ ಕೊನೆಗೆ ಪೈಲಟ್, ಬರುವ ದಾರಿಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮರುದಿನ ಕೂಡಿ ಹುಬ್ಬಳ್ಳಿಗೆ ಹೋಗುವುದಿತ್ತು. ಅವ್ವ ರೊಟ್ಟಿ ಬಡಿಯುತ್ತ, ಸಾಲಿಯ ಮಕ್ಕಳ ಮಾತನ್ನು ಅವರಿಗೂ ಹೇಳಿದಳು. ಅವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ತಾಯಿಯಿಂದ ಮುಚ್ಚಿಡುವುದು ಸರಿಯಲ್ಲ ಎನ್ನಿಸಿತೇನೋ, ಮುಳ್ಳು, ಹಾರ್ನ್, ಹಳಿ ಎಲ್ಲವನ್ನೂ ಅವರು ಮೆಲ್ಲಗೆ ಹೇಳಿದರು. ಕುಸಿದದ್ದನ್ನೂ ಬಿಡಲಿಲ್ಲ.

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಹಂಚಿನ ಮೇಲಿದ್ದದ್ದು ಸೀದು ಹೊಗೆಯೆದ್ದಿತು. ಆಮೇಲೆ ಕೇಳಿದಳು, "ಎರಡೂ ಸುಳ್ಳು ಹೇಳಿದ್ದರ ಏನ್ ಮಾಡ್ತಿದ್ರಿ?"

"ಅದಕ್ಕ ಹಳಿ ನೋಡಿದ್ವಿ ಅವ್ವಾರ," ಎಂದರು ಪೈಲಟ್.

"ನಿಮಗ ಅಂಜಿಕಿ ಆಗಲಿಲ್ಲೇನ್ರಿ?"

"ಆತ್ರಿ. ಈಗೂ ಐತಿ," ಎಂದರು ಅವರು. "ಇಳಕಲ್ಲಿನಾಗ ಒಂದು ದಿನಾನೂ ಸರಿ ನಿದ್ದಿ ಬಂದಿಲ್ಲ."

ಅವ್ವ ಸೀದ ರೊಟ್ಟಿ ತೆಗೆದಿಟ್ಟು ಹೊಸದನ್ನು ಹಾಕಿದಳು. ಅವರಿಗೆ ಬಡಿಸಿದಳು, ನನಗೆ ಬಡಿಸಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು: "ಹೋಗಬ್ಯಾಡ ಅನ್ನಂಗಿಲ್ಲ. ಹೋಗು ಅನ್ನೂದೂ ನನ್ನ ಬಾಯಿಂದ ಬರಂಗಿಲ್ಲ. ನೀನ ನೋಡಿಕೋ."

ನಾನು ಹೋದೆ. ಮುಂದಿನ ಹಾರಾಟದಲ್ಲಿ ಎರಡೂ ಮುಳ್ಳುಗಳು ಗೆರೆ ಎಳೆದಂತೆ ಒಂದೇ ಅಂಕಿ ತೋರಿಸಿದವು. ಪೆಟ್ಟಿಗೆಯ ದೀಪ ಹತ್ತಲಿಲ್ಲ. ಆ ಒಮ್ಮತವೇ ನನ್ನನ್ನು ಹೆದರಿಸಿತು. ಎರಡೂ ಕೂಡಿಯೇ ಸುಳ್ಳು ಹೇಳಿದರೆ ಈ ದೀಪ ಆರಿಯೇ ಇರುತ್ತದಲ್ಲ. ಹುನಗುಂದದ ಮೇಲೆ, ಇಳಕಲ್ಲಿನ ಕೆಂಪು ಕಲ್ಲಿನ ಗುಡ್ಡಗಳ ಮೇಲೆ ಗೆರೆ ಗೆರೆಯಾಗಿ ಹಾರಿ ಆ ಹಂಗಾಮಿನ ಚಿತ್ರಗಳನ್ನು ಮುಗಿಸಿದೆವು. ಅಷ್ಟು ದಿನವೂ ನೆಲ ಬಿಡುವ ಕ್ಷಣದಲ್ಲಿ ನನ್ನ ಎರಡೂ ಕೈಗಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದವು.

ಕೆಲಸ ಮುಗಿದ ಮೇಲೆ ನಾನೇ ಕೇಳಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಮೂರನೆಯ ಮಾಪಕದ ಸಾಕ್ಷಿಯಿಲ್ಲದೆ ಎರಡು ಮುಳ್ಳುಗಳ ಜಗಳ ತೀರದು ಎಂದು ಮೇಲಿನವರಿಗೆ ತಿಳಿಸಿ ಹೇಳಲು ಅಲ್ಲಿ ನನಗೆ ವರ್ಷಗಳು ಹಿಡಿದವು. ಪೈಲಟ್ ಇನ್ನೂ ಒಂದೆರಡು ಹಂಗಾಮು ಹಾರಿಸಿ ಇಳಕಲ್ಲಿನಲ್ಲಿ ನೆಲೆ ನಿಂತರು. ಅವ್ವ ಸಾಲಿಯ ಮೇಲೆ ವಿಮಾನ ಹಾದುಹೋದಾಗ ಆಮೇಲೆಂದೂ ಹೊರಗೆ ಬಂದು ಕೈ ಬೀಸಲಿಲ್ಲವಂತೆ. ಮಕ್ಕಳು ಓಡಿಹೋದರೂ ತಾನು ಬೋರ್ಡಿನ ಕಡೆ ಮುಖ ಮಾಡಿ, ಸಪ್ಪಳ ಪೂರ್ತಿ ದೂರವಾಗುವ ತನಕ ನಿಂತುಕೊಂಡಿರುತ್ತಿದ್ದಳು ಎಂದು ಅವಳ ಜೊತೆಯ ಟೀಚರ್ ಒಬ್ಬರು ನನಗೆ ಹೇಳಿದರು.