ಟಿವಿಯೊಳಗಿನ ಡಾಕ್ಟರಿಗೆ ಅತ್ತೆ ಹೇಳಿದ್ದು

ಹುಣಸೆಹುಳಿ ಹಚ್ಚಿ ದೇವರ ದೀಪ ತಿಕ್ಕುತ್ತಿದ್ದೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದಳು: "ನಿಮ್ಮನೆ ಅತ್ತೆ ಬಾವಿಕಟ್ಟೆಲಿ ಕೂತಿದ್ದು, ಮಾತಾಡ್ಸಿರೆ ಮಾತಿಲ್ಲೆ."

ಹುಳಿಗೈಯಲ್ಲೇ ಓಡಿದೆ. ಅತ್ತೆಯ ಮೈ ಬೆವೆತು ತಣ್ಣಗಾಗಿತ್ತು. ಮಡಿನೀರಿನ ಕೊಡ ಪಕ್ಕದಲ್ಲಿ ಉರುಳಿತ್ತು. ಯಜಮಾನರು ಮನೆಯಲ್ಲೇ ಇದ್ದರು, ಅದು ದೇವರ ದಯೆ. ಜೀಪು ಹಿಡಿದು ಸಿದ್ದಾಪುರದಿಂದ ಶಿರಸಿಗೆ ಕರೆದೊಯ್ದೆವು.

ದಾರಿಯಲ್ಲಿ ಅತ್ತೆಗೆ ಮಾತು ಬಂತು. "ಡಾಕ್ಟ್ರು ಮುಟ್ಟಿರೆ ಮತ್ತೆ ಮೀಯವು," ಎಂದರು; ಆಗಲೂ ಅವರಿಗೆ ಮಡಿಯ, ಮರುಸ್ನಾನದ ಚಿಂತೆ.

ಆಗಷ್ಟೇ ನಾವು ಹೋದ ಶಿರಸಿಯ ಆಸ್ಪತ್ರೆಗೆ ಕ್ಯಾಮೆರಾ ಇದ್ದ ಹೊಸ ಟಿವಿ ಬಂದಿತ್ತು. ದೂರದ ದೊಡ್ಡ ಊರಿನ ಹೃದಯದ ಡಾಕ್ಟರು ಅದರಲ್ಲೇ ರೋಗಿಯನ್ನು ನೋಡಿ ಮಾತಾಡುತ್ತಿದ್ದರು. ನರ್ಸು ಎದೆಗೆ ವಯರು ಅಂಟಿಸುವಾಗ ಅತ್ತೆ ಕಣ್ಣು ಮುಚ್ಚಿಕೊಂಡರು. ಹಾಸಿಗೆಯ ಎದುರಿನ ಟಿವಿಯಲ್ಲಿ ಡಾಕ್ಟರ ಮುಖ ಕಾಣಿಸಿದ್ದೇ ಸೆರಗು ಸರಿಮಾಡಿಕೊಂಡು, "ಈ ಡಾಕ್ಟ್ರು ಮುಟ್ತ್ವಿಲ್ಲೆ ಅಲ್ದ?" ಎಂದು ನನ್ನನ್ನು ಕೇಳಿದರು.

"ಟಿವಿಯಿಂದ ಕೈ ಹ್ಯಾಂಗೆ ಬತ್ತು ಅತ್ತೆ?"

"ಅಜ್ಜಿ, ಈ ನೋವು ಇವತ್ತೇ ಬಂದದ್ದಾ?" ಡಾಕ್ಟರು ಕೇಳಿದರು.

"ಇಲ್ಲೆ ತಮಾ. ದೀಪಾವಳಿಂದ ಬತ್ತಾ ಇದ್ದು. ನೀರು ಎತ್ತಿದ ಮೇಲೆ ಎದೆ ಹಿಂಡ್ತು. ದೇವರ ಕೋಣೆ ಬಾಗ್ಲು ಹಾಕ್ಕಂಡು ಮಲಗ್ತಿ. ಕಮ್ಮಿ ಆದ ಮೇಲೆ ಹೊರಗೆ ಬತ್ತಿ."

ಆ ಮುಚ್ಚಿದ ಬಾಗಿಲ ಹೊರಗೆ, ಅತ್ತೆ ಜಪಕ್ಕೆ ಕೂತಿದ್ದಾರೆ, ಗಲಾಟೆ ಮಾಡಬೇಡಿ ಎಂದು ಮಕ್ಕಳನ್ನು ಸುಮ್ಮನಿರಿಸುತ್ತಿದ್ದವಳು ನಾನು. ಬಂದವರಿಗೂ ಹಾಗೇ ಹೇಳುತ್ತಿದ್ದೆ, ತುಸು ಹೆಮ್ಮೆಯಿಂದಲೇ. ಯಜಮಾನರು ಗೋಡೆ ಹಿಡಿದು ನಿಂತಿದ್ದರು. ಹೃದಯಾಘಾತವೇ ಆಗಿದೆ, ಕೂಡಲೇ ಇಂಜೆಕ್ಷನ್ ಕೊಡಿ, ಇನ್ನು ಇವರು ನೀರು ಎತ್ತಬಾರದು ಎಂದು ಡಾಕ್ಟರು ಅಲ್ಲಿಂದಲೇ ಹೇಳಿದ್ದು ಕೇಳಿಸಿತು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆ ಉಳಿದರು. ಮನೆಗೆ ಹೊರಡುವ ದಿನ ಯಜಮಾನರು, ಮುಂದೆ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸೋಣ, ಅವರಾದರೆ ಮುಟ್ಟಿ ನೋಡುತ್ತಾರೆ ಎಂದರು.

"ಬ್ಯಾಡ. ಟಿವಿಯವ್ರೇ ಸಾಕು."

"ಮಡಿಗಾ ಅತ್ತೆ?" ಎಂದೆ.

"ಮಡಿ ಒಂದು ಇದ್ದು. ಮತ್ತೆ, ಆ ಡಾಕ್ಟ್ರು ಹೆದರ್ತ್ವಿಲ್ಲೆ ನೋಡು. ನಿಂಗ ಎಲ್ಲ ಹೆದರ್ತಿ. ನಿಂಗಳ ಮುಖ ನೋಡಿರೆ ಹೇಳಲೆ ಬಾಯಿ ಬತ್ತಿಲ್ಲೆ."

ನಾನು ಅವರ ಸೀರೆ ಮಡಚಿ ಚೀಲಕ್ಕೆ ಹಾಕಿದೆ.

ಮನೆಯಲ್ಲಿ ದೀಪಗಳು ಬಿಟ್ಟಲ್ಲೇ ಇದ್ದವು, ಹುಳಿ ಒಣಗಿ ಕಪ್ಪು ಹಿಡಿದಿತ್ತು. ಸ್ನಾನ ಮಾಡಿ ಮಡಿನೀರು ಸೇದಿ ತಂದಿಟ್ಟೆ. ದೇವರ ಕೋಣೆಯ ಬಾಗಿಲು ಮುಚ್ಚದಂತೆ ಮಣೆ ಅಡ್ಡ ಕೊಟ್ಟು, ದೀಪ ತಿಕ್ಕಲು ಕೂತೆ.