ಬನ್ನು ಊಟವಲ್ಲ

ಭವ್ಯಳ ಕೆನ್ನೆ ಊದಿತು. ನನ್ನ ಮಗಳು, ಐದು ವರ್ಷ. ದವಡೆ ಹಲ್ಲೆಲ್ಲ ಹುಳುಕು. ನಂಜನಗೂಡಿನ ಹಲ್ಲಿನ ಡಾಕ್ಟರ ಬೆರಳನ್ನೇ ಕಚ್ಚಿದಳು. ಎಚ್ಚರವಿರುವಾಗ ಇವಳಿಗೆ ಏನೂ ಮಾಡಲಾಗದು, ಮೈಸೂರಿನಲ್ಲಿ ಅನಸ್ತೇಶಿಯಾ ಕೊಡಿಸಿ ಕೀಳಿಸಿ ಎಂದರು.

ಮೈಸೂರಿನ ಆಸ್ಪತ್ರೆಯ ನರ್ಸ್ ಹೇಳಿದ್ದು ಒಂದೇ ಮಾತು. ಬೆಳಿಗ್ಗೆ ಮಗುವಿಗೆ ಊಟ ಕೊಡಬೇಡಿ.

ನಮ್ಮದು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಹಳ್ಳಿ. ನಮ್ಮಲ್ಲಿ ಊಟ ಅಂದರೆ ಮುದ್ದೆ, ಅನ್ನ. ಹಾಲು, ಬನ್ನು ಬಾಯಾಡಿಸುವುದು, ಅಷ್ಟೇ. ಆಪರೇಶನ್ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮಗು ಹಸಿದು ಅತ್ತಾಗ ನಮ್ಮವ್ವ ಬನ್ನನ್ನು ಹಾಲಿನಲ್ಲಿ ಅದ್ದಿ ತಿನ್ನಿಸಿದಳು. ನಾನೂ ಹೆಂಡತಿಯೂ ಪಕ್ಕದಲ್ಲೇ ಇದ್ದೆವು. ಯಾರಿಗೂ ಏನೂ ಅನ್ನಿಸಲಿಲ್ಲ.

ಆಪರೇಶನ್ ಥಿಯೇಟರ್ ಬಾಗಿಲಲ್ಲಿ ನರ್ಸ್ ಕೇಳಿದಳು, ಊಟ ಆಗಿದೆಯಾ ಎಂದು.

"ಇಲ್ಲ ಕಣವ್ವ, ಎಲ್ಲಿ ಊಟ," ಎಂದಳು ಅವ್ವ.

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗೆ ಓಡಾಟ ಕೇಳಿಸಿತು. ಅನಸ್ತೇಶಿಯಾ ಡಾಕ್ಟರು ಹೊರಗೆ ಬಂದರು.

ಪ್ರಜ್ಞೆ ತಪ್ಪುವಾಗ ವಾಂತಿಯಾಗಿದೆ. ಶ್ವಾಸಕೋಶಕ್ಕೆ ಇಳಿದಿದೆ ಎಂದರು.

"ಏನ್ ತಿನ್ಸಿದ್ರಿ? ನಿಜ ಹೇಳಿ."

"ಒಂದ್ ಬನ್ನು ಸಾ, ಆಲಲ್ಲಿ ಅದ್ಬುಟ್ಟು. ಊಟ ಕೊಟ್ಟಿಲ್ಲ, ದೇವ್ರಾಣೆ," ಎಂದಳು ಅವ್ವ.

ಡಾಕ್ಟರು ಬೈಯಲಿಲ್ಲ. ಪ್ರಜ್ಞೆ ಇಲ್ಲದಾಗ ಗಂಟಲಿಗೂ ಎಚ್ಚರವಿರುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಮಗು ಕೆಮ್ಮಿ ಹೊರಹಾಕಲಾರದು ಎಂದರು. ಇಷ್ಟನ್ನು ಮೊದಲೇ ಯಾರಾದರೂ ಹೀಗೆ ಬಿಡಿಸಿ ಹೇಳಿದ್ದರೆ ಅವ್ವ ಬನ್ನಿನ ಚೂರೂ ಮುಟ್ಟಿಸುತ್ತಿರಲಿಲ್ಲ.

ಐಸಿಯು. ಬಾಯಲ್ಲಿ ಪೈಪು. ನ್ಯುಮೋನಿಯಾ ಅಂದರು.

"ನಿಮ್ಮವ್ವನ ಮುದ್ದು ಎಲ್ಲಿಗ್ ತಂತು ನೋಡಿ," ಎಂದಳು ಹೆಂಡತಿ, ಅವ್ವನಿಗೂ ಕೇಳುವಂತೆ. ಅವ್ವ ಗೋಡೆ ಕಡೆ ತಿರುಗಿ ಕೂತಳು. ಯಾರನ್ನು ಬೈಯಬೇಕೋ ತಿಳಿಯದೆ ನಾನು ವಾಚ್‌ಮನ್ ಜೊತೆ ಜಗಳವಾಡಿದೆ.

ಪೈಪು ತೆಗೆದ ದಿನ ಭವ್ಯ ಮೊದಲು ಕೇಳಿದ್ದು ಅಜ್ಜಿಯನ್ನು. ಹೆಂಡತಿಯೇ ಎದ್ದು ಹೋಗಿ ಕರೆತಂದಳು.

ಹುಳುಕು ಹಲ್ಲು ಹಾಗೇ ಉಳಿದಿತ್ತು. ಎದೆ ಪೂರ್ತಿ ಸರಿಹೋದ ಮೇಲೆ ಅದೇ ಬಾಗಿಲಿಗೆ ಮತ್ತೆ ಹೋಗಲೇಬೇಕಾಯಿತು. ಈ ಸಲ ಅನಸ್ತೇಶಿಯಾ ಡಾಕ್ಟರು ನಮ್ಮನ್ನು ಕೇಳಿ ಮುಗಿಸಿ, ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಎದ್ದಾಗಿಂದ ಬಾಯೊಳಗೆ ಏನೇನ್ ಹೋಯ್ತು, ಪುಟ್ಟಿ?"

"ಉಗುಳು," ಎಂದಳು.

ಡಾಕ್ಟರು ನಕ್ಕರು. ನಮಗೆ ನಗು ಬಂದದ್ದು, ಹಲ್ಲು ಕಿತ್ತಾದ ಮೇಲೆ ಭವ್ಯ ಕಣ್ಣುಬಿಟ್ಟು ನರ್ಸಿಗೆ ಬೈದಾಗ.